ಗಾಣದ ಮನೆಯಲ್ಲಿ ಉಳಿದ ಗಂಟು

ನಮ್ಮ ಮನೆಮಂದಿ ಮೊಟ್ಟಮೊದಲು ಮೋಟಾರಿನಲ್ಲಿ ಬೆಂಗಳೂರಿಗೆ ಹೋದಾಗ, ಎಷ್ಟು ಗಂಟೆಗೆ ಎಲ್ಲಿರಬೇಕು, ಎಲ್ಲಿ ಊಟ, ಎಲ್ಲಿ ನೀರು, ಯಾವ ಬೀದಿಗೆ ಕಾಲಿಡಬಾರದು ಎಂಬುದನ್ನೆಲ್ಲ ಬರೆದವಳು ನಾನು. ನನಗಾಗ ಹನ್ನೆರಡು ವರ್ಷ. ಹೀಗೆಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ, ಹಲ್ಲು ಅವರವೇ. ಬರೆದದ್ದೂ ನಾನೇ, ಕೆಡಿಸಿದ್ದೂ ನಾನೇ. ಎರಡನ್ನೂ ಹೇಳುತ್ತೇನೆ.

ಹೊರಟಿದ್ದು ಅಜ್ಜಿಯ ಕಣ್ಣಿಗಾಗಿ. ಅಜ್ಜಿ ಎಂದರೆ ಅಪ್ಪನ ತಾಯಿ. ರಾಯದುರ್ಗದ ಪೇಟೆಯಲ್ಲಿ ಅಪ್ಪನದು ಬಟ್ಟೆ ಅಂಗಡಿ. ಅಂಗಡಿಯ ತುಂಡು ಬಟ್ಟೆ, ಮನೆಯ ಹಳೇ ಸೀರೆ ಕೂಡಿಸಿ ಅಜ್ಜಿ ಕೌದಿ ಹೊಲಿಯುತ್ತಿದ್ದಳು. ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅವಳ ಕೌದಿಯ ಮೇಲೆ ಮಲಗಿಯೇ ಬೆಳೆದವು. ಎರಡು ವರ್ಷದಿಂದ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಯಾವ ಕಡೆ, ಬಾಗಿಲು ಯಾವ ಕಡೆ ಎನ್ನುವಷ್ಟು ಗೊತ್ತಾಗುತ್ತಿತ್ತು, ಅಷ್ಟೇ. ಕೈ ಮಾತ್ರ ಹಳೇ ರೂಢಿಯಲ್ಲಿ ನೆಟ್ಟಗೆ ಓಡುತ್ತಿತ್ತು. ಸೂಜಿಗೆ ದಾರ ಹಾಕುವುದೊಂದು ಆಗುತ್ತಿರಲಿಲ್ಲ. ಆ ಕೆಲಸ ನನ್ನ ತಲೆಗೆ ಬಿದ್ದಿತ್ತು.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಓಣಿಯಲ್ಲಿ ಗೆಳತಿಯರು ಕುಂಟಬಿಲ್ಲೆ ಆಡುವ ಸದ್ದು ಕೇಳುತ್ತಿರುವಾಗ ಒಳಗಿನಿಂದ 'ದಾರ ಹಾಕವ್ವಾ' ಎಂದರೆ ಮೈ ಉರಿಯುತ್ತಿತ್ತು. ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೆ. ಅಜ್ಜಿ ಬಟ್ಟೆಯ ಸುಕ್ಕು ಬಿಡಿಸಲೆಂದು ಸೂಜಿ ಕೆಳಗಿಟ್ಟಾಗ ಮೆಲ್ಲಗೆ ದಾರ ಜಗ್ಗಿ ತೆಗೆಯುವುದು, ದಾರದ ಉಂಡೆಯನ್ನು ಜೋಳದ ಗುಡಾಣದ ಹಿಂದೆ ಇಡುವುದು, 'ದಾರ ಮುಗೀತಜ್ಜಿ' ಎನ್ನುವುದು. ಅವಳು 'ಮುಗೀತೇನು? ಆತು ಬಿಡು, ಹೋಗಿ ಆಡ್ಕೋ' ಎನ್ನುತ್ತಿದ್ದಳು. ಎಷ್ಟೋ ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಆಟ ಮುಗಿಸಿ ಬಂದೆ. ಅಜ್ಜಿ ನೆಲದ ಮೇಲೆ ಅಂಗೈ ಆಡಿಸುತ್ತ ಮೂಲೆಮೂಲೆ ತಡಕುತ್ತಿದ್ದಳು. ಉಂಡೆ ಎಲ್ಲೋ ಉರುಳಿದೆಯೆಂದು ಹುಡುಕುತ್ತಿದ್ದಾಳೆ ಎಂದುಕೊಂಡೆ. ನನ್ನ ಅಕ್ಕನಿಗೆ ಮಡಕಶಿರದಲ್ಲಿ ಹೆಣ್ಣು ಕೂಸು ಹುಟ್ಟಿತ್ತು, ಅದರ ಕೌದಿ ಅರ್ಧಕ್ಕೆ ನಿಂತಿತ್ತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಉಂಡೆಯನ್ನು ತಂದು ಅವಳ ಮಗ್ಗುಲಲ್ಲಿಟ್ಟೆ. ನಿಜ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಅದೇ ವಾರ ನಮ್ಮೂರ ಡಾಕ್ಟರು ಪೊರೆ ಹಣ್ಣಾಗಿದೆ, ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಕಾಗದ ಬರೆದುಕೊಟ್ಟರು. ಅಲ್ಲಿ ದೊಡ್ಡ ಡಾಕ್ಟರು ಹೊಸ ರೋಗಿಗಳನ್ನು ನೋಡುವುದು ಶುಕ್ರವಾರ ಮಾತ್ರ. ಬೆಳಿಗ್ಗೆ ಎಂಟರೊಳಗೆ ಬಂದವರಿಗಷ್ಟೇ ಚೀಟಿ. ರೈಲಿನಲ್ಲಾದರೆ ಬಳ್ಳಾರಿ, ಗುಂತಕಲ್ಲು ಎಂದು ಇಳಿದು ಹತ್ತಬೇಕು, ಮೆಟ್ಟಿಲು ಕಾಣದ ಮುದುಕಿಯನ್ನು ಎಷ್ಟು ಸಲ ಇಳಿಸುವುದು, ಹತ್ತಿಸುವುದು? ಅದೂ ಅಲ್ಲದೆ ಅಜ್ಜಿಯ ಹಟ, ಮೊದಲು ಮಡಕಶಿರದ ಕೂಸು, ಆಮೇಲೆ ಕಣ್ಣು. ಅಪ್ಪ ಬಳ್ಳಾರಿಯಿಂದ ಬಾಡಿಗೆ ಮೋಟಾರು ತರಿಸುತ್ತೇನೆಂದ. ಕೇಳಿದ ಗಳಿಗೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾವಿದ್ದದ್ದು ಮದರಾಸು ಆಧಿಪತ್ಯ, ಬೆಂಗಳೂರು ಮೈಸೂರು ಮಹಾರಾಜರ ಸೀಮೆ. ನನಗೆ ಅದು ಪರದೇಶಕ್ಕೆ ಹೋದಷ್ಟೇ.

ಅಪ್ಪನಿಗೆ ಬೆಂಗಳೂರೆಂದರೆ ಒಂದೇ ಭಯ, ಬೆಳಗಿನ ಗದ್ದಲ. ಒಮ್ಮೆ ಬಟ್ಟೆ ತರಲು ಹೋಗಿ ಅಲ್ಲಿನ ಪೇಟೆಯ ಗಲ್ಲಿಯಲ್ಲಿ ಸಿಕ್ಕಿಬಿದ್ದಿದ್ದನಂತೆ. ಹಿಂದೆ ಜಟಕಾ, ಮುಂದೆ ತರಕಾರಿ ಬಂಡಿ, ನಡುವೆ ಒಂದು ಎತ್ತು ಬೇಸರ ಬಂದು ಮಲಗಿಬಿಟ್ಟಿತಂತೆ. ಅದು ಏಳುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಈ ಕಥೆಯನ್ನು ಅಪ್ಪ ಎಷ್ಟು ಸಲ ಹೇಳಿದ್ದನೆಂದರೆ ಆ ಎತ್ತಿನ ಬಣ್ಣ ಕೂಡ ನಮಗೆಲ್ಲ ಬಾಯಿಪಾಠವಾಗಿತ್ತು. ಈಗ ಅವನ ತಲೆಯೊಳಗೆ ಒಂದೇ ಮಾತು. ಎಂಟರೊಳಗೆ ಆಸ್ಪತ್ರೆ ಸೇರಬೇಕು, ಎತ್ತು ಮಲಗುವುದಕ್ಕಿಂತ ಮುಂಚೆ.

ಬೆಂಗಳೂರಿನಿಂದ ಅಂಗಡಿಗೆ ಬರುತ್ತಿದ್ದ ಬಟ್ಟೆ ಏಜೆಂಟರನ್ನು ಕೂರಿಸಿಕೊಂಡು ಅಪ್ಪ ವಿಚಾರಿಸಿದ. ಬೆಳಿಗ್ಗೆ ಏಳಕ್ಕೆ ಗಿರಣಿಯ ಕೊಂಬು ಕೂಗುತ್ತದೆ, ಅದಕ್ಕೆ ಅರ್ಧ ಗಂಟೆ ಮುಂಚೆ ಬೀದಿ ತುಂಬ ಜನ, ಸೈಕಲ್ಲು, ಹಾಲಿನವರು, ಸೊಪ್ಪಿನವರು ಎಂದು ಅವರು ವರ್ಣಿಸಿದರು. ಪೇಟೆಯೊಳಗೆ ತೂರಬೇಡಿ, ದೊಡ್ಡಬಳ್ಳಾಪುರದ ಕಡೆಯಿಂದ ಬಂದು ಹೊರಗಿನ ರಸ್ತೆ ಹಿಡಿಯಿರಿ ಎಂದು ಅಂಗಡಿಯ ಚಾಪೆಯ ಮೇಲೆ ಅಂಗಿಯ ಗುಂಡಿಗಳನ್ನಿಟ್ಟು ದಾರಿ ತೋರಿಸಿದರು. ಅಪ್ಪನ ಬರವಣಿಗೆ ಅವನಿಗೇ ಓದಲು ಬಾರದು. 'ನೀ ಬರ್ಕೋ' ಎಂದು ಬಟ್ಟೆಯ ಗಂಟಿಗೆ ಸುತ್ತಿ ಬರುವ ಕಂದು ಕಾಗದದ ಒಂದು ಹಾಳೆ ನನಗೆ ಕೊಟ್ಟ. ಮುಗೀತು, ನನಗೆ ಕೋಡು ಮೂಡಿದವು.

ಎಂಟು ದಿನ ನಾನು ಶಾಲೆಯಲ್ಲಿ ಏನು ಕಲಿತೆನೋ ದೇವರೇ ಬಲ್ಲ. ಬಸ್ಸಿನ ಡ್ರೈವರುಗಳನ್ನು ಹಿಡಿದು ಹಿಡಿದು ಕೇಳಿದೆ. ಕೆಲವರು ಕನ್ನಡದಲ್ಲಿ ಗದರಿದರು, ಕೆಲವರು ತೆಲುಗಿನಲ್ಲಿ ದಾರಿ ಹೇಳಿದರು, ಎಲ್ಲವನ್ನೂ ಬರೆದುಕೊಂಡೆ. ಗುರುವಾರ ಬೆಳಿಗ್ಗೆ ರಾಯದುರ್ಗ ಬಿಡುವುದು. ಕಲ್ಯಾಣದುರ್ಗಕ್ಕೆ ಮುಂಚೆ ಹಗರಿ ಹೊಳೆ ಅಡ್ಡ ಬರುತ್ತದೆ, ನೀರಿಲ್ಲ, ಬರೀ ಮರಳು. ಮರಳಿನಲ್ಲಿ ಮೋಟಾರು ಎಳೆಯಲು ಅಪ್ಪನ ಗಿರಾಕಿ ರೈತರೊಬ್ಬರು ಒಂದು ಜೊತೆ ಎತ್ತು ಕಟ್ಟಿಕೊಂಡು ದಡದಲ್ಲಿ ಕಾಯುವುದು. ದೀಪ ಹಚ್ಚುವುದರೊಳಗೆ ಮಡಕಶಿರ, ಅಕ್ಕನ ಮನೆಯಲ್ಲಿ ಊಟ, ಒಂದು ನಿದ್ದೆ. ಕೋಳಿ ಕೂಗುವ ಮೊದಲೇ ಅಲ್ಲಿಂದ ಹೊರಟು ಹಿಂದೂಪುರ, ದೊಡ್ಡಬಳ್ಳಾಪುರ. ಆರೂವರೆಗೆ ಆಸ್ಪತ್ರೆಯ ಬಾಗಿಲು. ಕೊಂಬು ಕೂಗುವಾಗ ನಾವು ಒಳಗಿರಬೇಕು ಎಂದು ಕೊನೆಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಅವ್ವ ಅಡುಗೆ ಮನೆಯಿಂದಲೇ, 'ಕಲೆಕ್ಟರ ಸಾಹೇಬರ ಸವಾರಿ ಯಾವಾಗ?' ಎಂದು ಚುಡಾಯಿಸುತ್ತಿದ್ದಳು. ಚುಡಾಯಿಸುತ್ತಲೇ ಪುಂಡಿಪಲ್ಲೆ ಬೇಡ, ರೊಟ್ಟಿ ಶೇಂಗಾ ಚಟ್ನಿ ಸಾಕು, ಕೆಡುವುದಿಲ್ಲ ಎಂದು ಅವಳೂ ಸಲಹೆ ಕೊಟ್ಟಳು. ಅದನ್ನೂ ಬರೆದೆ.

ಎಲ್ಲ ಸರಿಯಾಯಿತು ಎನ್ನುವಾಗ ಅಜ್ಜಿ ಅಡ್ಡ ಬಂದಳು. ಬೆಂಗಳೂರು ತೆಂಕಣ ದಿಕ್ಕು. ಗುರುವಾರ ತೆಂಕಣಕ್ಕೆ ಶೂಲೆ, ಹೊರಡಬಾರದು. ಅಪ್ಪ ಹಣೆ ಚಚ್ಚಿಕೊಂಡ. ಬುಧವಾರ ಹೊರಡೋಣವೆಂದರೆ ಮೋಟಾರನ್ನು ಮೂರು ದಿನಕ್ಕೆ ಮಾತ್ರ ಗೊತ್ತುಮಾಡಿದ್ದಾಗಿತ್ತು, ಬಳ್ಳಾರಿಯಿಂದ ಬರುವುದೇ ಬುಧವಾರ ಸಂಜೆ. ಕೊನೆಗೆ ಅಜ್ಜಿಯೇ ದಾರಿ ಹೇಳಿದಳು, ಪರಸ್ಥಾನ ಇಡೋಣ ಎಂದಳು. ಹೊರಡುವ ದಿನ ಕೆಟ್ಟದಿದ್ದರೆ ಅದಕ್ಕೆ ಮುಂಚಿನ ಒಳ್ಳೆಯ ಗಳಿಗೆಯಲ್ಲಿ ಒಂದು ಗಂಟು ಕಟ್ಟಿ, ನಾವು ಹೋಗುವ ದಿಕ್ಕಿನಲ್ಲಿರುವ ಬೇರೆ ಮನೆಯಲ್ಲಿ ಇಡುವುದು ನಮ್ಮ ಕಡೆಯ ಪದ್ಧತಿ. ಗಂಟು ಮನೆ ಬಿಟ್ಟಿತೆಂದರೆ ನಾವೂ ಹೊರಟ ಲೆಕ್ಕ. ಮರುದಿನ ಹೋಗುವಾಗ ಅದನ್ನು ಎತ್ತಿಕೊಂಡು ಮುಂದೆ ಸಾಗುವುದು. ಗಂಟಿನಲ್ಲಿ ಅಕ್ಕಿ, ಅಡಿಕೆ, ಅರಿಸಿನ ಇರಬೇಕು. ಅದರ ಜೊತೆ, ಯಾವುದಿಲ್ಲದೆ ಪಯಣ ಸಾಗದೋ ಅಂಥದ್ದೊಂದು ಇರಬೇಕು, ಇಲ್ಲದಿದ್ದರೆ ಅದು ಬರೀ ಆಟ ಎಂದಳು ಅಜ್ಜಿ.

ಅವಳು ತನ್ನ ಸೂಜಿಯನ್ನು ಕೂಸಿನ ಅರ್ಧ ಕೌದಿಗೆ ಚುಚ್ಚಿ ಗಂಟಿನಲ್ಲಿಟ್ಟಳು, ದಾರದ ಉಂಡೆಯನ್ನೂ ಇಟ್ಟಳು. ನಾನು ಜಾಣೆಯಲ್ಲವೇ, ನಿಜವಾಗಿ ಯಾವುದಿಲ್ಲದೆ ಪಯಣ ಸಾಗದು ಎಂದು ಯೋಚಿಸಿ, ಡಾಕ್ಟರ ಕಾಗದವನ್ನು ಅದರೊಳಗೆ ತುರುಕಿದೆ. ಬುಧವಾರ ಮಧ್ಯಾಹ್ನ ಊರ ತೆಂಕಣ ತುದಿಯ ಗಾಣದ ಮನೆಗೆ ಹೋಗಿ ಕೊಟ್ಟು ಬಂದೆ. ಆ ಮನೆಯ ಮುದುಕಿ ಅಜ್ಜಿಗೆ ಬಾಲ್ಯದ ಗೆಳತಿ. ಗಂಟನ್ನು ದೇವರ ಜಗಲಿಯ ಮೇಲಿಟ್ಟು, ನಾಳೆ ಬಾಗಿಲಲ್ಲೇ ನಿಂತಿರುತ್ತೇನೆಂದಳು.

ಗುರುವಾರ ಬೆಳಿಗ್ಗೆ ಮೋಟಾರು ನಮ್ಮ ಬಾಗಿಲಿಗೆ ಬಂದಾಗ ಓಣಿಯೆಲ್ಲ ನೆರೆದಿತ್ತು. ಡ್ರೈವರು ಹ್ಯಾಂಡಲ್ ಹಾಕಿ ತಿರುಗಿಸಿದರೆ ಕೋಳಿಗಳೆಲ್ಲ ಮಾಡು ಹತ್ತಿದವು. ಹಿಂದೆ ಅವ್ವ, ಅಜ್ಜಿ, ನಾನು. ಮುಂದೆ ಅಪ್ಪ. ನನ್ನ ತೊಡೆಯ ಮೇಲೆ ಕಂದು ಹಾಳೆ. ಹೊರಟು ನಾಲ್ಕು ಮಾರು ಹೋಗಿಲ್ಲ, ಎದುರಿಗೆ ಶೇಂಗಾ ಬಂಡಿಗಳ ಸಾಲು. ಸುಗ್ಗಿಯ ಕಾಲ, ರೈಲು ಸ್ಟೇಷನ್ನಿಗೆ ಹೋಗುವ ಬಂಡಿಗಳು ರಸ್ತೆ ತುಂಬ ನಿಂತಿದ್ದವು. ನನಗೆ ಅಪ್ಪನ ಎತ್ತು ನೆನಪಾಯಿತು. ಬೆಂಗಳೂರಿನ ಗದ್ದಲ ತಪ್ಪಿಸಲು ಇಷ್ಟು ಬರೆದವಳು ನಮ್ಮೂರ ಗದ್ದಲದಲ್ಲಿ ಸಿಕ್ಕಿಬೀಳುವುದೇ? ಬೆಟ್ಟದ ಬುಡದ ದಾರಿ ಹಿಡಿದು ಊರ ಹೊರಗೆ ರಸ್ತೆ ಕೂಡಿಕೊಳ್ಳೋಣವೆಂದೆ. ಡ್ರೈವರು ಅಪ್ಪನ ಮುಖ ನೋಡಿದ. ಅಪ್ಪ ಹೆಮ್ಮೆಯಿಂದ, ಆಕಿ ಹೇಳಿದಂಗ ನಡಿ ಎಂದ.

ಬಂಡಿಗಳೆಲ್ಲ ಅಲ್ಲೇ ಉಳಿದವು, ನಾವು ಭರ್ರನೆ ಹೋದೆವು. ನನಗೆ ಕೂಗಬೇಕು ಎನ್ನುವಷ್ಟು ಖುಷಿ. ಆಗ ಅಜ್ಜಿ ಕೇಳಿದಳು.

"ಗಾಣದ ಮನಿ ಬಂತೇನವ್ವಾ?"

ಕಿಟಕಿಯಿಂದ ತಲೆ ಹೊರಹಾಕಿ ಬೆಟ್ಟದ ಕೋಟೆ ಹಿಂದೆ ಸರಿಯುವುದನ್ನು ನೋಡುತ್ತಿದ್ದ ನಾನು, ತಿರುಗಿಯೂ ನೋಡದೆ, "ಅದಾಗಲೇ ಹಿಂದಾತಜ್ಜಿ" ಎಂದೆ.

ಬೇರೆ ದಿನವಾಗಿದ್ದರೆ ಹಿಂಡಿಯ ವಾಸನೆ, ಗಾಣದ ಕಿರುಗುಟ್ಟುವಿಕೆ ಕೇಳಿಯೇ ಅವಳಿಗೆ ಗೊತ್ತಾಗುತ್ತಿತ್ತು. ಮೋಟಾರಿನ ಪೆಟ್ರೋಲು ವಾಸನೆ ಅವಳ ಮೂಗನ್ನೂ ಕಟ್ಟಿತ್ತು, ಸದ್ದು ಕಿವಿಯನ್ನೂ ಕಟ್ಟಿತ್ತು. ಬಂಡಿಗಳ ಮುಂದೆ ಮೋಟಾರು ನಿಂತಾಗಲೇ ಗಂಟು ಎತ್ತಿಕೊಂಡಾಯಿತೆಂದು ಅವಳು ತಿಳಿದಳು. ಅಪ್ಪ ಅವ್ವನ ಹತ್ತಿರವಿದೆ ಎಂದುಕೊಂಡ, ಅವ್ವ ನನ್ನ ಹತ್ತಿರ ಎಂದುಕೊಂಡಳು. ನಾನು ಏನನ್ನೂ ಅಂದುಕೊಳ್ಳಲಿಲ್ಲ, ಮರೆತೇಬಿಟ್ಟಿದ್ದೆ. ಆತುರಗಾರರಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳುವುದಿಲ್ಲ.

ಹಗರಿಯ ದಡದಲ್ಲಿ ಎತ್ತು ಕಾಯುತ್ತಿದ್ದವು! ಬರೆದ ಹಾಗೇ, ಬರೆದ ಹೊತ್ತಿಗೇ. ಗಾಲಿಗಳ ಕೆಳಗೆ ಈಚಲ ಗರಿ ಹಾಸಿ ಎತ್ತು ಹೂಡಿ ಮೋಟಾರನ್ನು ಎಳೆಸಿದರು. ಅಜ್ಜಿ ಇಳಿಯಲು ಒಪ್ಪಲಿಲ್ಲ, ಎತ್ತಿನ ಮೋಟಾರಿನಲ್ಲಿ ಕೂತೇ ಹೊಳೆ ದಾಟಿದಳು. ಅವಳು ಬಾಯಿ ತುಂಬ ನಗುವುದನ್ನು ಎಷ್ಟೋ ತಿಂಗಳ ಮೇಲೆ ಅವತ್ತು ಕಂಡೆ. ಕಲ್ಯಾಣದುರ್ಗದ ಆಚೆ ಬೇವಿನ ಮರದಡಿ ರೊಟ್ಟಿ ತಿಂದೆವು, ಇಂಜಿನ್ನಿಗೂ ನೀರು ಕುಡಿಸಿದೆವು. ಮಡಕಶಿರದ ಬೆಟ್ಟ ಕಾಣುವಾಗ ಇನ್ನೂ ಬಿಸಿಲಿತ್ತು. ಹಾಳೆಯ ಮೇಲೆ ಒಂದೊಂದಕ್ಕೂ ಸೀಸದ ಕಡ್ಡಿಯಿಂದ ಗುರುತು ಹಾಕುತ್ತ ಬಂದೆ. ನನ್ನಷ್ಟು ಸುಖಿ ಆ ಎರಡು ಜಿಲ್ಲೆಗಳಲ್ಲಿ ಇರಲಿಲ್ಲ.

ಅಕ್ಕನ ಅತ್ತೆ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟರು. ಅಕ್ಕ ಕೂಸನ್ನು ತಂದು ಅಜ್ಜಿಯ ಮಡಿಲಲ್ಲಿ ಹಾಕಿದಳು. ಅಜ್ಜಿ ಅದರ ಹಣೆ, ಮೂಗು, ಗಲ್ಲ ಬೆರಳಿನಿಂದ ಮುಟ್ಟಿ ಮುಟ್ಟಿ, ಯಾರ ಹಾಗಿದೆ ಎಂದು ಕೇಳಿದಳು. ಬಣ್ಣ ಯಾವುದು ಎಂದು ಕೇಳಿದಳು. ಆಮೇಲೆ ನನ್ನ ಕಡೆ ಕೈ ನೀಡಿ, ಗಂಟು ಕೊಡು, ಕೌದಿ ಅಳತೆ ನೋಡುತ್ತೇನೆ ಎಂದಳು.

ಗಾಣದ ಮನೆ, ದೇವರ ಜಗಲಿ, ಬಾಗಿಲಲ್ಲಿ ನಿಂತ ಮುದುಕಿ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಮರೆತೆವು ಎಂದು ಎಲ್ಲರ ತಲೆಗೂ ಹಂಚಬಹುದಿತ್ತು. ಆದರೆ ನೆಲ ತಡಕುತ್ತಿದ್ದ ಆ ಅಂಗೈ ನೆನಪಾಗಿ, ಗಾಣದ ಮನೆಯ ಮುಂದೆ ಹೋಗಲೇ ಇಲ್ಲ, ನಾನು ದಾರಿ ತಪ್ಪಿಸಿದೆ, ಅಜ್ಜಿ ಕೇಳಿದಾಗ ನೋಡದೆ ಹೇಳಿದೆ, ಡಾಕ್ಟರ ಕಾಗದವೂ ಅದರೊಳಗಿದೆ ಎಂದು ಒಂದೇ ಉಸಿರಿಗೆ ಒದರಿ ಅಳತೊಡಗಿದೆ.

ಅಪ್ಪನ ಮುಖ ಕೆಂಪಾಯಿತು. ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ, ಅದೇ ಹೆಚ್ಚು ಹೆದರಿಕೆಯಾಯಿತು. ಕಾಗದ ಇಲ್ಲದೆ ಹೋಗಿ ಒಳಗೇ ಬಿಡದಿದ್ದರೆ ಏನು ಗತಿ, ತರಲು ಹಿಂದಕ್ಕೆ ಹೋದರೆ ಶುಕ್ರವಾರ ತಪ್ಪುತ್ತದೆ, ಮೋಟಾರೂ ತಪ್ಪುತ್ತದೆ ಎಂದು ಅಂಗಳದಲ್ಲಿ ಆ ಕಡೆ ಈ ಕಡೆ ತಿರುಗಿದ. ಅವ್ವ ಶೂಲೆಯ ದೋಷವೇ ಇರಬೇಕೆಂದಳು. ಆಗ ಅಕ್ಕನ ಅತ್ತೆ ಒಲೆಯ ಮುಂದಿನಿಂದ ಹೇಳಿದರು.

"ಡಾಕುಟ್ರು ನೋಡಾದು ಕಣ್ಣು ಕಣ್ರಪ್ಪ, ಕಾಗ್ದನಲ್ಲ. ಹೋಗ್ಬನ್ನಿ, ಏನಾಯ್ತದೆ?"

ಅಜ್ಜಿ ಕೂಸನ್ನು ತೊಡೆಯ ಮೇಲೆ ಆಡಿಸುತ್ತಲೇ, ಗಂಟು ಅಲ್ಲಿದೆಯೆಂದರೆ ನಾನು ಹೊರಟಿದ್ದು ಖರೇ, ಅದನ್ನು ತಗೊಳ್ಳಲಿಕ್ಕಾದರೂ ವಾಪಸು ಬರಲೇಬೇಕು, ನಡಿ ಎಂದಳು. ನನ್ನನ್ನು ಹತ್ತಿರ ಕರೆದು, ಮುಂದಿನ ದಾರಿ ಓದು ಎಂದಳು. ಮೂಗು ಒರೆಸಿಕೊಂಡು ಓದಿದೆ. ಹಿಂದೂಪುರ, ದೊಡ್ಡಬಳ್ಳಾಪುರ, ಆರೂವರೆ.

ಬೆಳಗಿನ ಜಾವದ ದಾರಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೈಸೂರು ಸೀಮೆಯ ಸುಂಕದ ಕಟ್ಟೆಯವನು ನಿದ್ದೆಗಣ್ಣಿನಲ್ಲಿ ಕಂಬ ಎತ್ತಿದ. ಮೂಡಣದಲ್ಲಿ ಬಿಳುಪೇರುವಾಗ ದೊಡ್ಡಬಳ್ಳಾಪುರ ದಾಟಿದ್ದೆವು. ಬೆಂಗಳೂರು ಬಂತೆಂದು ಡ್ರೈವರು ಹೇಳಿದಾಗ ನಂಬಲಾಗಲಿಲ್ಲ. ಅಪ್ಪನ ಕಥೆಯ ಜಾಗವೇ ಇದು? ಅಗಲವಾದ ರಸ್ತೆ, ಎರಡೂ ಕಡೆ ದೊಡ್ಡ ಮರಗಳು, ನೀರು ಚಿಮುಕಿಸುತ್ತಿದ್ದ ಒಬ್ಬ ಜಾಡಮಾಲಿ, ಒಂದು ಹಾಲಿನ ಸೈಕಲ್ಲು. ಬೇರೆ ಯಾರೂ ಇಲ್ಲ. ಅಷ್ಟು ದೊಡ್ಡ ಊರನ್ನು ನಮಗೋಸ್ಕರ ಖಾಲಿ ಮಾಡಿಸಿದ ಹಾಗಿತ್ತು. ಅಪ್ಪನ ಗಡಿಯಾರದಲ್ಲಿ ಆರೂವರೆಗೆ ಎರಡು ನಿಮಿಷ ಇರುವಾಗ ಆಸ್ಪತ್ರೆಯ ಬಾಗಿಲಲ್ಲಿ ಇಳಿದೆವು. ಜವಾನ ಆಗಷ್ಟೇ ಕಸ ಗುಡಿಸುತ್ತಿದ್ದ. ನಮ್ಮ ಮುಂದೆ ಒಬ್ಬರೂ ಇರಲಿಲ್ಲ.

ಏಳಕ್ಕೆ ಕೊಂಬು ಕೂಗಿತು. ನಾನು ಅಪ್ಪನ ಕೈ ಹಿಡಿದು ಕುಣಿದೆ. ಎಂಟಾಗುವಷ್ಟರಲ್ಲಿ ಬಾಗಿಲಿನ ಹೊರಗೆ ಜಟಕಾಗಳ ಮೇಲೆ ಜಟಕಾ, ನಮ್ಮ ಹಿಂದೆ ರಸ್ತೆಯವರೆಗೆ ಸಾಲು. ಚೀಟಿ ಬರೆಯುವ ಗುಮಾಸ್ತರು ಮೊದಲು ಕೇಳಿದ್ದೇ ಕಾಗದ. ಅಪ್ಪ ತೊದಲಿದ. ಕಾಗದ ಇಲ್ಲದವರು ಪಕ್ಕಕ್ಕೆ ನಿಲ್ಲಿ, ಕೊನೆಗೆ ನೋಡೋಣ ಎಂದರು. ಪಕ್ಕಕ್ಕೆ ಸರಿದೆವು, ಆದರೆ ಮೊದಲೇ ಬಂದಿದ್ದರಿಂದ ಆ ಪಕ್ಕದ ಜಾಗವೂ ಡಾಕ್ಟರ ಕೋಣೆಯ ಬಾಗಿಲಿಗೇ ಒತ್ತಿಕೊಂಡಿತ್ತು. ದೊಡ್ಡ ಡಾಕ್ಟರು ಒಳಗೆ ಹೋಗುತ್ತ ಅಲ್ಲೇ ನಿಂತರು. ಎಷ್ಟು ದೂರದಿಂದ ಎಂದು ಕೇಳಿದರು. ರಾಯದುರ್ಗವೆಂದೆವು. ಇಷ್ಟು ಬೇಗ ಹೇಗೆ ಬಂದಿರಿ ಎಂದರು. ನಾನು ಹಾಳೆ ಚಾಚಿದೆ. ಅವರು ನಿಂತಲ್ಲೇ ಅದನ್ನು ಪೂರ್ತಿ ಓದಿದರು, ಎತ್ತಿನ ಜಾಗದಲ್ಲಿ ನಕ್ಕರು. ಆಮೇಲೆ ಅಜ್ಜಿಯ ರೆಪ್ಪೆ ಎತ್ತಿ ನೋಡಿದರು, ಇವರನ್ನು ಇವತ್ತೇ ಸೇರಿಸಿಕೊಳ್ಳಿ ಎಂದರು. ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ಮರುದಿನ ಹಿಂದಿರುಗುವಾಗ ದಾರಿಯುದ್ದಕ್ಕೂ, ಕಾಗದ ಕಳೆದವಳೂ ಇವಳೇ, ಕಾಗದ ಬರೆದವಳೂ ಇವಳೇ ಎಂದು ಡ್ರೈವರಿಗೆ ಹೇಳಿ ಹೇಳಿ ನಕ್ಕ.

ಡಾಕ್ಟರು ಪೊರೆ ತೆಗೆದರು; ಅಜ್ಜಿ, ಅವ್ವ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದರು, ಆಮೇಲೆ ಒಂದು ತಿಂಗಳು ಮಡಕಶಿರದಲ್ಲಿ ಉಳಿದರು. ಅಪ್ಪ ಹೋಗಿ ಕರೆತಂದ. ಬಸ್ಸಿನಿಂದ ಇಳಿದ ಅಜ್ಜಿಗೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಎಷ್ಟು ಉದ್ದ ಆಗಿಯಲ್ಲೇ ಎಂದಳು. ಅವಳು ಮನೆಗೆ ಬರಲಿಲ್ಲ, ನೆಟ್ಟಗೆ ಗಾಣದ ಮನೆಗೆ ನಡೆದಳು. ಪಯಣ ಅಲ್ಲಿಂದ ಹೊರಟಿದ್ದು, ಅಲ್ಲೇ ಮುಗಿಯಬೇಕಂತೆ. ಕೈ ಹಿಡಿಯಲು ಹೋದೆ, ಬೇಡವೆಂದು ತಾನೇ ಮುಂದೆ ಹೋದಳು.

ಗಂಟು ದೇವರ ಜಗಲಿಯ ಮೇಲೆ ಇಟ್ಟಲ್ಲೇ ಇತ್ತು. ಗಾಣದ ಮುದುಕಿ ದಿನವೂ ಅದಕ್ಕೆ ವಿಭೂತಿ ಹಚ್ಚುತ್ತಿದ್ದಳಂತೆ. ಅಜ್ಜಿ ಅಲ್ಲೇ ಕೂತು ಬಿಚ್ಚಿದಳು. ಡಾಕ್ಟರ ಕಾಗದವನ್ನು ನನ್ನ ಕೈಗೆ ಕೊಟ್ಟಳು. ಕೌದಿಯನ್ನು ಬಿಡಿಸಿ, ಕಾಣದೆ ಹೊಲಿದ ಸಾಲುಗಳ ಮೇಲೆ ಬೆರಳಾಡಿಸಿ, ಪರವಾಗಿಲ್ಲ ಎಂದುಕೊಂಡಳು. ಉಂಡೆಯಿಂದ ದಾರ ಕಿತ್ತು, ತುದಿಯನ್ನು ಬಾಯಿಗಿಟ್ಟು ಒದ್ದೆ ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದಳು. ಮೊದಲ ಸಲ ತಪ್ಪಿತು. ಎರಡನೆಯ ಸಲ ದಾರ ಒಳಗೆ ಹೋಯಿತು. ಗೆಳತಿಯರಿಬ್ಬರೂ ಚಪ್ಪಾಳೆ ತಟ್ಟಿಕೊಂಡು ನಕ್ಕರು.

ಎರಡು ವರ್ಷ ಯಾವ ಕೆಲಸಕ್ಕೆ ಮೈ ಉರಿಸಿಕೊಂಡಿದ್ದೆನೋ ಅದು ಅವತ್ತು ನನ್ನಿಂದ ಕಳಚಿಕೊಂಡಿತು. ಕುಣಿದು ಆಡಲು ಓಡಬೇಕಿತ್ತು. ಓಡಲಿಲ್ಲ. ಇನ್ನು ಅಜ್ಜಿ ನನ್ನನ್ನು ಕರೆಯುವುದಿಲ್ಲ ಎನಿಸಿ ಅವಳ ಮಗ್ಗುಲಲ್ಲೇ ಕೂತೆ. ಅವಳು ಸುಕ್ಕು ಬಿಡಿಸಲೆಂದು ಸೂಜಿ ಕೆಳಗಿಟ್ಟಳು. ನನ್ನ ಕೈ ಹಳೇ ರೂಢಿಯಲ್ಲಿ ಮುಂದೆ ಹೋಯಿತು, ಮೆಲ್ಲಗೆ ದಾರ ಜಗ್ಗಿದೆ.

"ದಾರ ಬಿಚ್ಚೇತಜ್ಜಿ, ನಾ ಹಾಕಿಕೊಡ್ಲ್ಯಾ?"

ಅಜ್ಜಿ ತಲೆ ಎತ್ತಿ ಆ ದಪ್ಪ ಗಾಜಿನೊಳಗಿಂದ ನನ್ನನ್ನೇ ನೋಡಿದಳು.

"ಈಗ ನೀ ಜಗ್ಗೂದು ನನಗ ಕಾಣ್ತೈತಿ, ಮಗಳ. ಆಗ ಕೇಳಿಸ್ತಿತ್ತು."

ಹೀಗೆಂದು ಸೂಜಿಯನ್ನು ನನ್ನ ಕಡೆಗೇ ಚಾಚಿದಳು.